ಬಸ್ ಸ್ಟಾಪಿನ ಹೆಸರಿನ ಹಿಂದೊಬ್ಬ ಕಾದಂಬರಿಕಾರ್ತಿ

ಬೆಂಗಳೂರಿನ ಮಾರ್ಕೆಟ್ಟಿನ ಗದ್ದಲ ದಾಟಿ ಬಸ್ಸು ಚಾಮರಾಜಪೇಟೆಯ ಕಡೆ ಬರುತ್ತಿದ್ದಂತೆ ಕಂಡಕ್ಟರ್ ಕೂಗುತ್ತಾರೆ: ‘ಮಕ್ಕಳ ಕೂಟ, ಯಾರ್ರೀ ಮಕ್ಕಳ ಕೂಟ?’ ಕೋಟೆ ಹೈಸ್ಕೂಲಿನ ಹುಡುಗರು ಇಳಿಯುತ್ತಾರೆ, ಸಾಹಿತ್ಯ ಪರಿಷತ್ತಿಗೆ ಹೊರಟವರು ಇಳಿಯುತ್ತಾರೆ. ದಿನಕ್ಕೆ ನೂರಾರು ಬಾರಿ ಕಿವಿಗೆ ಬೀಳುವ ಈ ಹೆಸರು ನಮಗೆ ಈಗ ಬರೀ ಒಂದು ಸ್ಟಾಪು, ಒಂದು ಸರ್ಕಲ್ಲು. ಆದರೆ ಈ ಹೆಸರಿನ ಸಂಸ್ಥೆಯನ್ನು ಕಟ್ಟಿದವರು ಕನ್ನಡದಲ್ಲಿ ಹೆಂಗಸರು ಕಾದಂಬರಿಗೆ ಕೈಹಾಕಿದ ಮೊದಲ ತಲೆಮಾರಿನ ಬರಹಗಾರ್ತಿ, ಸಂಪಾದಕಿ ಆರ್. ಕಲ್ಯಾಣಮ್ಮ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡರು. ಆ ಕಾಲದ ಮಡಿವಂತ ಮನೆಗಳಲ್ಲಿ ಅಂಥ ಹುಡುಗಿಯ ಪಾಲಿಗೆ ಉಳಿಯುತ್ತಿದ್ದುದು ಅಡುಗೆಮನೆ ಮತ್ತು ಹಿತ್ತಿಲು. ಹಬ್ಬ, ಮದುವೆಗಳಲ್ಲಿ ಆಕೆ ಎದುರಿಗೆ ಬರುವಂತಿರಲಿಲ್ಲ. ಅಂಥವರಿಗೆ ಅಕ್ಷರವೊಂದೇ ಹೊರಗಿನ ದಾರಿ.

ಆ ದಾರಿಯಲ್ಲಿ ಮೊದಲು ನಡೆದವರು ನಂಜನಗೂಡು ತಿರುಮಲಾಂಬ. ಅವರೂ ಬಾಲವಿಧವೆಯೇ. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ ‘ಸುಶೀಲೆ’ ಕಾದಂಬರಿಯನ್ನು ಹೊರತಂದರು. ಮುಂದೆ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ ತೆಗೆದರು. ಆ ಪತ್ರಿಕೆ ಕೆಲವೇ ವರ್ಷ ನಡೆದು ನಿಂತುಹೋಯಿತು. ಬರೆಯುವ ಹೆಣ್ಣಿಗೆ ಪ್ರತಿಭೆ ಇದ್ದರಷ್ಟೇ ಸಾಲದು, ಮುಂದಿನ ತಿಂಗಳೂ ಬರೆಯಲು ಒಂದು ಜಾಗ ಬೇಕು, ಕಾಯುವ ಓದುಗರು ಬೇಕು ಎಂಬುದಕ್ಕೆ ಆ ಕತೆಯೇ ಸಾಕ್ಷಿ.

ಕಲ್ಯಾಣಮ್ಮ ಕೈಹಾಕಿದ್ದು ಅಂಥ ಜಾಗ ಕಟ್ಟುವ ಕೆಲಸಕ್ಕೇ. 1921ರಲ್ಲಿ ಬೆಂಗಳೂರಿನಿಂದ ‘ಸರಸ್ವತಿ’ ಮಾಸಪತ್ರಿಕೆ ಶುರುವಾಯಿತು. ಅವರು ಅದನ್ನು 42 ವರ್ಷ ನಡೆಸಿದರು. ತಿಂಗಳಿಗೊಂದರಂತೆ ಲೆಕ್ಕ ಹಾಕಿದರೆ ಐನೂರಕ್ಕೂ ಮಿಕ್ಕಿದ ಸಂಚಿಕೆಗಳಾಗುತ್ತವೆ. ಅಚ್ಚುಮೊಳೆಯ ಕಾಲದಲ್ಲಿ ಒಂದು ಸಂಚಿಕೆ ಎಂದರೆ ಏನು? ಅಕ್ಷರ ಅಕ್ಷರ ಆಯ್ದು ಜೋಡಿಸಬೇಕು. ಒದ್ದೆ ಕರಡು ತೆಗೆದು ತಿದ್ದಬೇಕು, ತಿದ್ದಿದ್ದನ್ನು ಮತ್ತೆ ನೋಡಬೇಕು. ಪ್ರತಿಗಳನ್ನು ಮಡಿಸಿ, ಕಾಗದ ಸುತ್ತಿ, ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ ಡಬ್ಬಿಗೆ ಹಾಕಬೇಕು. ಚಂದಾ ಬಂತೇ ಎಂದು ಮನಿಯಾರ್ಡರಿಗೆ ಕಾಯಬೇಕು. ಎರಡನೆಯ ಮಹಾಯುದ್ಧದಲ್ಲಿ ಕಾಗದಕ್ಕೆ ಬರ ಬಂದ ದಿನಗಳನ್ನೂ ‘ಸರಸ್ವತಿ’ ದಾಟಿತು. ಒಂದು ಕಾದಂಬರಿ ಬರೆದು ಮುಗಿಸಲು ಬೇಕಾದ ಹಟ ಒಂದು ಬಗೆಯದು. ಪ್ರತಿ ತಿಂಗಳೂ ಬೇರೆಯವರ ಬರಹಕ್ಕೆ ಜಾಗ ಮಾಡಿಕೊಡುತ್ತ ನಲವತ್ತು ವರ್ಷ ಕೂರುವ ಹಟವೇ ಬೇರೆ.

ಇದೇ ಹೊತ್ತಿನಲ್ಲಿ ಚೀನಾದಲ್ಲಿಯೂ ಹೆಣ್ಣುಮಕ್ಕಳು ಲೇಖನಿ ಹಿಡಿದಿದ್ದರು. 1919ರ ವಿದ್ಯಾರ್ಥಿ ಚಳವಳಿಯ ಕಾವಿನಲ್ಲಿ ಬರವಣಿಗೆಗೆ ಬಂದ ಬಿಂಗ್ ಶಿನ್ 1923ರಿಂದ ಪತ್ರಿಕೆಯೊಂದರಲ್ಲಿ ಎಳೆಯ ಓದುಗರಿಗೆಂದೇ ಪತ್ರಗಳನ್ನು ಬರೆದರು. 1928ರಲ್ಲಿ ಡಿಂಗ್ ಲಿಂಗ್ ಒಬ್ಬ ಯುವತಿಯ ದಿನಚರಿಯ ರೂಪದಲ್ಲಿ ಕತೆ ಬರೆದು ಹೆಸರಾದರು. ಅವರಿಗೆ ಕಾಲೇಜುಗಳಿದ್ದವು, ಗೆಳೆಯರ ಬಳಗವಿತ್ತು. ನಮ್ಮ ಕಲ್ಯಾಣಮ್ಮ ಬಳಗವನ್ನು ತಾವೇ ಕಟ್ಟಿಕೊಳ್ಳಬೇಕಾಯಿತು.

ಆ ಬಳಗಕ್ಕೆ 1938ರಲ್ಲಿ ಚಿಕ್ಕವರೂ ಸೇರಿದರು. ಮಕ್ಕಳಿಗಾಗಿ ಕಲ್ಯಾಣಮ್ಮ ಕಟ್ಟಿದ ಸಂಸ್ಥೆಯ ಹೆಸರನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡಿ: ಮಕ್ಕಳ ಕೂಟ. ಶಾಲೆ ಎನ್ನಲಿಲ್ಲ, ಆಶ್ರಮ ಎನ್ನಲಿಲ್ಲ. ಶಾಲೆ ಎಂದರೆ ಮೇಷ್ಟ್ರು ನೆನಪಾಗುತ್ತಾರೆ, ಆಶ್ರಮ ಎಂದರೆ ಅನಾಥತನ. ಕೂಟ ಎಂದರೆ ಮಕ್ಕಳು ತಾವಾಗಿ ಸೇರುವ ಜಾಗ. ಮಾತಿನ ತೂಕ ಬಲ್ಲ ಬರಹಗಾರ್ತಿಯ ಆಯ್ಕೆ ಇದು. ನಾಲ್ಕು ಜನ ಸೇರುವ ಕಡೆ ಇವಳಿಗೆ ಜಾಗವಿಲ್ಲ ಎನ್ನಿಸಿಕೊಂಡವರ ಸಾಲಿನಿಂದ ಬಂದವರು ಎಲ್ಲ ಮಕ್ಕಳೂ ಸೇರಲೆಂದು ಊರ ನಡುವೆ ಜಾಗ ಮಾಡಿದರು.

1953ರಲ್ಲಿ ತ್ರಿವೇಣಿಯವರ ‘ಅಪಸ್ವರ’ ಕಾದಂಬರಿ ಬಂದಾಗ, 1963ರಲ್ಲಿ ಎಂ.ಕೆ. ಇಂದಿರಾ ಅವರ ‘ತುಂಗಭದ್ರ’ ಬಂದಾಗ, ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿಗೆ ನೀರಿಡುವವರೆಗಿನ ಬಿಡುವಿನಲ್ಲಿ ಪುಸ್ತಕ ಹಿಡಿಯುವ ಹೆಂಗಸರು ಕನ್ನಡದ ಮನೆಮನೆಯಲ್ಲಿದ್ದರು. ಆ ಓದುಗರು ಒಂದೇ ದಿನದಲ್ಲಿ ಹುಟ್ಟಿದವರಲ್ಲ. ಆ ಅಭ್ಯಾಸ ಬೆಳೆಸಿದವರಲ್ಲಿ ತಿರುಮಲಾಂಬ, ಕಲ್ಯಾಣಮ್ಮನವರ ಪಾಲು ದೊಡ್ಡದು. ಕಾದಂಬರಿಕಾರ್ತಿಯೊಬ್ಬರು ಬರೆದ ಪುಸ್ತಕಗಳನ್ನಷ್ಟೇ ಎಣಿಸಿದರೆ ಈ ಲೆಕ್ಕ ಸಿಗುವುದಿಲ್ಲ.

ಈಗ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಸಾಮಾನು ಸಾಗಿಸುವಾಗ ಕೊನೆಗೆ ಇಳಿಯುವುದು ಅಟ್ಟದ ಮೇಲಿನ ಟ್ರಂಕು. ಅಜ್ಜಿಯ ಹಳೆಯ ಕಾಗದಗಳೆಂದು ಅದರೊಳಗಿನದು ನೇರ ರದ್ದಿಯ ತಕ್ಕಡಿಗೆ ಹೋಗುತ್ತದೆ. ದಯವಿಟ್ಟು ತೂಕಕ್ಕೆ ಹಾಕುವ ಮುನ್ನ ಒಂದೊಂದೇ ಬಿಡಿಸಿ ನೋಡಿ. ನಡುವೆಲ್ಲೋ ‘ಸರಸ್ವತಿ’ಯ ಒಂದು ಸಂಚಿಕೆ ಇದ್ದೀತು. ಇದ್ದರೆ ಯಾವುದಾದರೂ ಗ್ರಂಥಾಲಯಕ್ಕೆ ಕೊಡಿ. ಕಲ್ಯಾಣಮ್ಮ ವಿಳಾಸ ಬರೆದು ಕಳಿಸಿದ ಆ ಪ್ರತಿ ಇನ್ನೊಬ್ಬ ಓದುಗರ ಕೈಸೇರಲಿ.