ನದಿಯಾಚೆಯ ನಾರು, ಕಡಲಾಚೆಯ ದರ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಯಾರಿಗೆ ಗೊತ್ತಿಲ್ಲ? ಮಕ್ಕಳೇ, ಸುಮ್ಮನೆ ಊಹಿಸಿಕೊಳ್ಳಿ. ಪರವೂರಿನ ಭಾರಿ ವ್ಯಾಪಾರಿಯೊಬ್ಬ ಲಾರಿಗಟ್ಟಲೆ ಮಂಡಕ್ಕಿ ತಂದು, ತನ್ನೂರಿನಲ್ಲಿ ಮಾರುವ ದರದ ಅರ್ಧಕ್ಕೇ ಇಲ್ಲಿ ಮಾರತೊಡಗುತ್ತಾನೆ. ಗಿರಾಕಿಗಳಿಗೆ ಹಬ್ಬ. ಭಟ್ಟಿಯವರಿಗೆ ಮಾತ್ರ ಭತ್ತದ ದುಡ್ಡೂ ಹುಟ್ಟದು. ಒಂದೊಂದೇ ಒಲೆ ಆರುತ್ತದೆ. ಎಲ್ಲವೂ ಆರಿದ ಮೇಲೆ ಅವನು ದರ ಏರಿಸಿದರೆ ಕೇಳುವವರಾರು?

ದೇಶದೇಶಗಳ ನಡುವೆಯೂ ಇಂಥ ವ್ಯಾಪಾರ ಉಂಟು. ಅದಕ್ಕೆ ‘ಡಂಪಿಂಗ್’ ಎನ್ನುತ್ತಾರೆ, ಅಂದರೆ ತಂದು ಸುರಿಯುವುದು. ಸರಕು ಅಗ್ಗವಾದ ಮಾತ್ರಕ್ಕೆ ಡಂಪಿಂಗ್ ಆಗದು. ತನ್ನ ದೇಶದಲ್ಲಿ ಮಾರುವುದಕ್ಕಿಂತ ಕಡಿಮೆ ಬೆಲೆಗೆ ಹೊರಗೆ ಕಳಿಸಿದರಷ್ಟೇ ಆ ಹೆಸರು. ಇದರ ವಿರುದ್ಧ ಮೊದಲು ಕಾನೂನು ಮಾಡಿದ್ದು ಕೆನಡಾ, 1904ರಲ್ಲಿ. ಈಗ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮವಿದೆ: ಸ್ಥಳೀಯ ಉದ್ಯಮಕ್ಕೆ ಪೆಟ್ಟು ಬಿದ್ದಿರುವುದು ವಿಚಾರಣೆಯಲ್ಲಿ ರುಜುವಾತಾದರೆ ಹೆಚ್ಚುವರಿ ಸುಂಕ ಹಾಕಬಹುದು.

ಈ ಜಗಳ ನಮ್ಮ ಹರಿಹರಕ್ಕೂ ಬಂದಿತ್ತು. ಊರಿನಿಂದ ತುಂಗಭದ್ರೆ ದಾಟಿದರೆ ಕುಮಾರಪಟ್ಟಣ. ಜಿಲ್ಲೆ ಹಾವೇರಿಯಾದರೂ ಅಲ್ಲಿನ ಗ್ರಾಸಿಂ ಕಾರ್ಖಾನೆಯ ಹೆಸರು ‘ಹರಿಹರ ಪಾಲಿಫೈಬರ್ಸ್’. ನೀಲಗಿರಿಯಂಥ ಮರವನ್ನು ಬೇಯಿಸಿ ತಿರುಳು ಮಾಡಿ, ಕಾಸ್ಟಿಕ್ ಸೋಡಾ ಮೊದಲಾದವುಗಳಿಂದ ಜೇನಿನಂತೆ ಅಂಟಂಟಾಗಿಸಿ, ಸೂಕ್ಷ್ಮ ತೂತುಗಳಿಂದ ಆಮ್ಲದೊಳಕ್ಕೆ ಹಿಂಡಿದರೆ ಎಳೆಗಳು ಹುಟ್ಟುತ್ತವೆ. ಅವನ್ನು ಕತ್ತರಿಸಿದರೆ ಹತ್ತಿಯಂಥ ನಾರು, ಅದೇ ವಿಸ್ಕೋಸ್. ಅಜ್ಜಿಯಂದಿರು ರೇಯಾನ್ ಎನ್ನುವುದು ಇದರ ಬಟ್ಟೆಗೇ.

ಚೀನಾ, ಇಂಡೋನೇಷ್ಯಾಗಳಿಂದ ಬರುವ ಇದೇ ನಾರಿನ ಮೇಲೆ ಭಾರತ 2010ರಲ್ಲಿ ಡಂಪಿಂಗ್ ತಡೆ ಸುಂಕ ಹಾಕಿತು, 2016ರಲ್ಲಿ ಮುಂದುವರಿಸಿತು. ನಾರು ಮಾಡುವವರಿಗೆ ನೆಮ್ಮದಿಯಾಯಿತು.

ನೂಲುವವರಿಗೆ ಆಗಲಿಲ್ಲ! ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಗಿರಣಿಯ ಕೂಗು ಕೇಳಿ ಬೆಳೆದ ಅಜ್ಜಂದಿರಿಗೆ ಇದು ಬೇಗ ತಿಳಿದೀತು. ನಾರಿನ ದರ ಏರಿದರೆ ನೂಲಿನ ದರವೂ ಏರಲೇಬೇಕು. ಅಷ್ಟರಲ್ಲಿ ಸಿದ್ಧ ನೂಲೇ ಹೊರದೇಶದಿಂದ ಅಗ್ಗಕ್ಕೆ ಬಂದಿಳಿದರೆ ನೂಲಿನ ಗಿರಣಿ ಏನು ಮಾಡಬೇಕು? ದೇಶದಲ್ಲಿ ಈ ನಾರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಹೆಚ್ಚುಕಡಿಮೆ ಗ್ರಾಸಿಂ ಒಂದೇ ಆದ್ದರಿಂದ, ಸುಂಕವಿದ್ದರೆ ಕೊಳ್ಳುವವರಿಗೆ ಬೇರೆ ಅಂಗಡಿಯೇ ಇಲ್ಲದಂತಾಗುತ್ತದೆ ಎಂಬುದು ಅವರ ದೂರು. ನನಗೆ ಅದರಲ್ಲಿ ಹುರುಳು ಕಾಣುತ್ತದೆ. ಹಾಗೆಂದು ನದಿಯಾಚೆಯ ಕಾರ್ಮಿಕರ ಅನ್ನದ ಪ್ರಶ್ನೆ ಸುಳ್ಳಾಗುವುದಿಲ್ಲ.

2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆ ಸುಂಕವನ್ನು ತೆಗೆದುಹಾಕಿತು.