ಪ್ರಥಮ ಚಿಕಿತ್ಸೆ: ಮನೆಯ ಮಕ್ಕಳಿಗೊಂದು ಪಾಠ

ಕೊಯ್ಲಿನ ದಿನಗಳಲ್ಲಿ ಹಿರಿಯರೆಲ್ಲ ಕೆಲಸದ ಮೇಲಿರುತ್ತೇವೆ. ಅವಘಡವಾದಾಗ ಪಕ್ಕದಲ್ಲಿರುವುದು ಅನೇಕ ವೇಳೆ ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ. ಆದುದರಿಂದ ಪ್ರಥಮ ಚಿಕಿತ್ಸೆಯನ್ನು ಮಕ್ಕಳಿಗೂ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ಕತ್ತಿ ತಾಗಿ ರಕ್ತ ಸುರಿದರೆ ಶುಭ್ರವಾದ ಬಟ್ಟೆಯಿಟ್ಟು 10 ನಿಮಿಷ ಬಿಡದೆ ಒತ್ತಿಹಿಡಿಯಬೇಕು. ನಡುವೆ ತೆರೆದು ನೋಡಬಾರದು. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಡಬೇಕು. ಗಾಯಕ್ಕೆ ಕಾಫಿಪುಡಿ ಮೆತ್ತುವ ರೂಢಿ ನಮ್ಮಲ್ಲಿದೆ. ಅದು ಕೂಡದು, ಗಾಯ ನಂಜಾದೀತು.

ಅಡಿಕೆ ಬೇಯಿಸುವ ಹಂಡೆಯ ಬಿಸಿ ಚೊಗರು ಮೈಮೇಲೆ ಬಿದ್ದರೆ ತಕ್ಷಣ 20 ನಿಮಿಷ ತಣ್ಣೀರು ಸುರಿಯಬೇಕು. ಬೆಣ್ಣೆ, ಟೂತ್‌ಪೇಸ್ಟ್ ಹಚ್ಚಬಾರದು.

ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಬಾಯಿಂದ ಹೀರುವುದು, ಮೂರೂ ತಪ್ಪು. ಕಚ್ಚಿಸಿಕೊಂಡವರನ್ನು ನಡೆಸಬಾರದು. ಊತ ಬರುವ ಮೊದಲೇ ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಕೈಕಾಲು ಅಲುಗದಂತೆ ಅಡಿಕೆ ದಬ್ಬೆಯಿಟ್ಟು ಸಡಿಲವಾಗಿ ಕಟ್ಟಿ, 108ಕ್ಕೆ ಕರೆ ಮಾಡಬೇಕು. ಹತ್ತಿರ ವಾಹನವಿದ್ದರೆ ಕಾಯದೆ ಹೊರಡಬೇಕು. ಹಾವನ್ನು ಹುಡುಕುತ್ತ, ನಾಟಿಮದ್ದಿಗೆ ಅಲೆಯುತ್ತ ಹೊತ್ತು ಕಳೆದರೆ ಜೀವಕ್ಕೇ ಅಪಾಯ. ವಿಷಕ್ಕೆ ಪ್ರತಿವಿಷವೊಂದೇ ಮದ್ದು; ಅದನ್ನು ಕೊಡುವುದು ಆಸ್ಪತ್ರೆಯಲ್ಲಿ.

ಓದಿ ಹೇಳಿದರೆ ಸಾಲದು. ಬಿಡುವಿನ ದಿನ ಮಕ್ಕಳ ಕೈಯಿಂದಲೇ ಒಮ್ಮೆ ಬಟ್ಟೆ ಒತ್ತಿಸಿ, ದಬ್ಬೆ ಕಟ್ಟಿಸಿ ನೋಡೋಣ.