ಬಂಡಿ ಏಕೆ ಓಡುವುದು, ಏಕೆ ನಿಲ್ಲುವುದು?

ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಕೆಲವು ಕೇಳುವುದಕ್ಕೆ ಸುಲಭವಾಗಿಯೂ ಉತ್ತರ ಹೇಳುವುದಕ್ಕೆ ಕಠಿನವಾಗಿಯೂ ಇರುವವು. “ಎತ್ತು ಎಳೆದರೆ ಬಂಡಿ ಓಡುತ್ತದೆ, ಎಳೆಯದಿದ್ದರೆ ನಿಲ್ಲುತ್ತದೆ. ಹಾಗಾದರೆ ಯಾವ ವಸ್ತುವಾದರೂ ಓಡುತ್ತಿರಬೇಕಾದರೆ ಯಾರಾದರೂ ಎಳೆಯುತ್ತಲೇ ಇರಬೇಕೆ?” ಎಂಬುದು ಅಂಥದೊಂದು ಪ್ರಶ್ನೆ. ಮನೆಯ ಹಿರಿಯರಲ್ಲಿ ಹೆಚ್ಚಿನವರು “ಹೌದು” ಎಂದು ಹೇಳಿ ತಮ್ಮ ಕೆಲಸಕ್ಕೆ ಹೋಗುವರು. ಅವರನ್ನು ಹಳಿಯುವಂತಿಲ್ಲ. ಗ್ರೀಸ್ ದೇಶದ ಮಹಾಪಂಡಿತನಾದ ಅರಿಸ್ಟಾಟಲನೂ ಅದನ್ನೇ ಹೇಳಿದ್ದನು. ಅನೇಕ ಶತಮಾನಗಳವರೆಗೆ ಬಹುಮಂದಿ ವಿದ್ವಾಂಸರು ಅದನ್ನೇ ಸತ್ಯವೆಂದು ಎಣಿಸಿದ್ದರು. ಆದರೆ ಸರಿಯಾದ ಉತ್ತರವು “ಅಲ್ಲ” ಎಂಬುದೇ. ಇಟಲಿಯ ಗೆಲಿಲಿಯೋ ಹಳೆಯ ನಂಬಿಕೆಯ ಬುಡವನ್ನು ಅಲುಗಾಡಿಸಿದನು. ಇಂಗ್ಲೆಂಡಿನ ನ್ಯೂಟನ್ 1687ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹೊಸ ತತ್ತ್ವವನ್ನು ಮೂರು ನಿಯಮಗಳಾಗಿ ನಿಲ್ಲಿಸಿದನು.

ಈ ತತ್ತ್ವವನ್ನು ಮಕ್ಕಳಿಗೆ ತಿಳಿಸಿಕೊಡಲು ಬೀದರದ ಸೀಮೆಯು ಬಹು ಅನುಕೂಲವಾದುದು. ಬೀದರ ಪಟ್ಟಣವು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲೆ ಇದೆ. ಔರಾದಕ್ಕೆ ಹೋಗುವವರು ಇಳಿಜಾರನ್ನು ಇಳಿದು, ಮಾಂಜ್ರಾ ನದಿಯನ್ನು ದಾಟಿ, ಕಪ್ಪು ಎರೆಮಣ್ಣಿನ ಬಯಲನ್ನು ಹಾಯ್ದು ಹೋಗತಕ್ಕದ್ದು. ದಾರಿಯು ಸುಮಾರು 40 ಕಿಲೋಮೀಟರು. ದೇವಣಿ ತಳಿಯ ಎತ್ತುಗಳಿಗೆ ಹೆಸರಾದ ನಾಡು ಇದು. ಈಗ ಮೋಟಾರುಗಳು ಹೆಚ್ಚಿದ್ದರೂ ಹೊಲದ ದಾರಿಗಳಲ್ಲಿ ಎತ್ತಿನ ಬಂಡಿ ಇನ್ನೂ ಕಾಣುವುದು. ಅಂಥ ಒಂದು ಬಂಡಿಯ ಹಿಂದೆ ನಾವು ನಡೆಯೋಣ.

ಮಳೆ ಬಿದ್ದ ಎರೆಮಣ್ಣಿನಲ್ಲಿ ಗಾಲಿಯು ಹೂತಿದೆಯೆಂದು ಭಾವಿಸಿರಿ. ಎತ್ತುಗಳು ನೊಗಕ್ಕೆ ಹೆಗಲು ಕೊಟ್ಟು ಎಳೆಯುತ್ತಿವೆ, ಬಂಡಿ ಕದಲದು. ಬಲವಿಲ್ಲವೆಂದು ಹೇಳಬಹುದೆ? ಬಲವಿದೆ. ಆದರೆ ಎತ್ತುಗಳು ಮುಂದಕ್ಕೆ ಎಷ್ಟು ಎಳೆಯುವುವೋ ಕೆಸರು ಅಷ್ಟೇ ಬಲದಿಂದ ಹಿಂದಕ್ಕೆ ಹಿಡಿದಿದೆ. ಜಮೆಯೂ ಖರ್ಚೂ ಸರಿಹೋದ ಲೆಕ್ಕದಂತೆ ಮಿಕ್ಕುವುದು ಸೊನ್ನೆ. ಶಾಲೆಯ ಪುಸ್ತಕಗಳಲ್ಲಿ ಇವಕ್ಕೆ ಸಂತುಲಿತ ಬಲಗಳೆಂದು ಹೆಸರು. ಬಂಡಿಯವನು ಇಳಿದು ಗಾಲಿಗೆ ಕೈಕೊಟ್ಟನು; ಮುಂದಿನ ಬಲವು ಹಿಂದಿನದನ್ನು ಮೀರಿತು. ಈಗ ಸ್ವಲ್ಪ ಬಲ ಮಿಕ್ಕಿತು. ಈ ಮಿಕ್ಕ ಬಲವೇ ಅಸಂತುಲಿತ ಬಲ. ಅದು ದೊರೆತ ಕೂಡಲೇ ಬಂಡಿಯು ಕದಲಿ, ಕ್ಷಣಕ್ಷಣಕ್ಕೂ ವೇಗವನ್ನು ಹೆಚ್ಚಿಸಿಕೊಳ್ಳತೊಡಗಿತು.

ಇಲ್ಲಿಯವರೆಗೆ ಯಾರಿಗೂ ತೊಡಕಿಲ್ಲ. ತೊಡಕು ಬರುವುದು ಮುಂದಿನ ಹೆಜ್ಜೆಯಲ್ಲಿ. ಬಂಡಿಯು ಗಟ್ಟಿ ನೆಲಕ್ಕೆ ಬಂದು ಒಂದೇ ನಡಿಗೆಯಲ್ಲಿ ಸಾಗುತ್ತಿರುವಾಗ ಮಿಕ್ಕ ಬಲವೆಷ್ಟು? ಕೇಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ, ಬಂಡಿ ಮುಂದೆ ಹೋಗುತ್ತಿರುವುದರಿಂದ ಮುಂದಿನ ಬಲವೇ ಹೆಚ್ಚಾಗಿರಬೇಕೆನ್ನುವರು. ಹಾಗಿಲ್ಲ. ಅಚ್ಚಿನ ತಿಕ್ಕಾಟ, ಗಾಲಿಗೂ ನೆಲಕ್ಕೂ ಇರುವ ತಡೆ, ಇವೆಲ್ಲ ಕೂಡಿ ಹಿಂದಕ್ಕೆ ಎಷ್ಟು ಎಳೆಯುವುವೋ ಎತ್ತುಗಳು ಮುಂದಕ್ಕೆ ಅಷ್ಟನ್ನೇ ಎಳೆಯುತ್ತಿವೆ. ಮಿಕ್ಕುವುದು ಇಲ್ಲಿಯೂ ಸೊನ್ನೆ. ಆದರೂ ಬಂಡಿ ನಿಲ್ಲದು. ಅದರ ನಡಿಗೆಯು ಬದಲಾಗದು, ಅಷ್ಟೆ. ಮಿಕ್ಕ ಬಲದ ಕೆಲಸವು ಚಲನೆಯನ್ನು ಸಾಕುವುದಲ್ಲ, ಚಲನೆಯನ್ನು ಬದಲಿಸುವುದು. ನೊಗ ಕಳಚಿದರೆ ಬಂಡಿ ನಿಲ್ಲುವುದು ದಿಟ. ಆದರೆ ಎಳೆತ ತೀರಿದ್ದರಿಂದಲೇ ಅದು ನಿಂತಿತೆನ್ನಲಾಗದು. ತಿಕ್ಕಾಟವೊಂದೇ ಎದುರಿಲ್ಲದೆ ಉಳಿದು ಹಿಂದಕ್ಕೆ ಎಳೆದುದರಿಂದ ನಿಂತಿತು. ಅಚ್ಚಿಗೆ ಕೀಲೆಣ್ಣೆ ಹಾಕುವ ರೈತನು ಈ ಶತ್ರುವನ್ನು ಚೆನ್ನಾಗಿ ಬಲ್ಲನು.

ಈ ಶತ್ರುವು ದುರ್ಬಲವಾದರೆ ಏನಾಗುವುದೆಂಬುದನ್ನು ಭಾಲ್ಕಿಯ ರೈಲುನಿಲ್ದಾಣದಲ್ಲಿ ನೋಡಬಹುದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಡೆಯು ಬಹಳ ಕಡಮೆ. ಎಂಜಿನಿನ ಎಳೆತವನ್ನು ನಿಲ್ಲಿಸಿದ ಮೇಲೆಯೂ ಗಾಡಿಯು ಬಹುದೂರ ಸಾಗುತ್ತಲೇ ಇರುವುದು. ನಿಲ್ದಾಣದೊಳಗೆ ನಿಲ್ಲಿಸಬೇಕಾದರೆ ಬ್ರೇಕನ್ನು ಹಾಕಿ ತಿಕ್ಕಾಟವನ್ನು ಬೇಕೆಂದೇ ಹೆಚ್ಚಿಸಬೇಕು. ಒಂದೆಡೆ ಎಣ್ಣೆಯಿಂದ ಕಳೆದುದನ್ನು ಇನ್ನೊಂದೆಡೆ ಬ್ರೇಕಿನಿಂದ ತರಿಸಿಕೊಳ್ಳುವ ಈ ವ್ಯವಹಾರವು ವಿನೋದವಾದುದು.

ಇಳಿಜಾರಿನ ಲೆಕ್ಕ ಬೇರೆ. ಅಲ್ಲಿ ಬಂಡಿಯ ಭಾರದ ಒಂದು ಅಂಶವು ದಾರಿಯ ಗುಂಟ ಕೆಳಕ್ಕೆ ಎಳೆಯುವುದು. ಅದು ತಿಕ್ಕಾಟವನ್ನು ಮೀರಿದರೆ, ಎತ್ತುಗಳು ಎಳೆಯದಿದ್ದರೂ ಬಂಡಿಯು ವೇಗಗೊಂಡು ಅವುಗಳ ಮೇಲೆಯೇ ನುಗ್ಗುವುದು. ಕಬ್ಬು ತುಂಬಿದ ಟ್ರ್ಯಾಕ್ಟರು ಇಳಿಜಾರಿನಲ್ಲಿ ಚಾಲಕನ ಕೈಮೀರುವುದೂ ಇದೇ ಕಾರಣದಿಂದ. ಹಾಗಾದರೆ ಇಳಿಜಾರಿನಲ್ಲಿ ವೇಗವು ಯಾವಾಗಲೂ ಹೆಚ್ಚುತ್ತಲೇ ಹೋಗಬೇಕೆ? ಇಲ್ಲ, ಇದಕ್ಕೆ ಬೀದರದಲ್ಲಿಯೇ ಸೊಗಸಾದ ಸಾಕ್ಷಿಯುಂಟು. ನೌಬಾದಿನ ಬಳಿ ಬಹಮನಿ ಸುಲ್ತಾನರ ಕಾಲದ ಸುರಂಗಬಾವಿ ಇದೆ. ನೆಲದೊಳಗೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ ಕೊರೆದ ಈ ಕಾಲುವೆಗೆ ಗಾಳಿಬೆಳಕಿಗಾಗಿ ಮೇಲಿನಿಂದ 21 ಬಾವಿಗಳನ್ನು ಇಳಿಸಿದ್ದಾರೆ. ನೀರಿನ ಭಾರವು ಅದನ್ನು ಕೆಳಕ್ಕೆ ಎಳೆಯುವುದು. ತಳವೂ ಗೋಡೆಗಳೂ ಹಿಂದಕ್ಕೆ ತಡೆಯುವುವು. ಓಟ ಹೆಚ್ಚಿದಷ್ಟೂ ತಡೆಯೂ ಹೆಚ್ಚುವುದರಿಂದ, ಒಂದು ಹದದಲ್ಲಿ ಎರಡೂ ಸರಿಹೋಗಿ, ಆಮೇಲೆ ನೀರು ಒಂದೇ ನಡಿಗೆಯಲ್ಲಿ ಹರಿಯುವುದು. ಇಳಿಜಾರು ಅತಿಯಾಗಿದ್ದರೆ ನೀರು ರಭಸಗೊಂಡು ಸುರಂಗವನ್ನೇ ಕೊರೆಯುತ್ತಿತ್ತು. ಅದನ್ನು ತೋಡಿದ ಕುಶಲಿಗಳು ನ್ಯೂಟನನಿಗಿಂತ ಬಹು ಹಿಂದಿನವರು!

ಕದಲದೆ ನಿಂತ ವಸ್ತುವಿನ ಮೇಲೂ ಬಲಗಳು ಇದ್ದೇ ಇರುವುವೆಂಬುದಕ್ಕೆ ಊರಿನೊಳಗಿನ ಮಹಮೂದ್ ಗವಾನನ ಮದರಸಾವನ್ನು ತೋರಿಸಬಹುದು. 1472ರಲ್ಲಿ ಪೂರ್ಣವಾದ ಈ ಕಟ್ಟಡದ ಗೋಡೆಗಳು ತಮ್ಮ ಭಾರದಿಂದ ನೆಲವನ್ನು ಒತ್ತುತ್ತ, ನೆಲವು ಅಷ್ಟೇ ಬಲದಿಂದ ಅವನ್ನು ಎತ್ತಿಹಿಡಿಯುತ್ತ, ಎರಡು ಶತಮಾನಗಳಿಗೂ ಹೆಚ್ಚು ಕಾಲ ಸಾಗಿತು. 1690ರ ದಶಕದಲ್ಲಿ ಮದ್ದಿನ ಸ್ಫೋಟವಾಯಿತು. ಉರಿದ ಮದ್ದಿನಿಂದ ಒಮ್ಮೆಲೇ ಉಬ್ಬಿದ ಗಾಳಿಯು ಹೊರಕ್ಕೆ ನೂಕಿದಾಗ ಆ ಬಲಕ್ಕೆ ಎದುರು ನಿಲ್ಲುವಂಥದು ಯಾವುದೂ ಇರಲಿಲ್ಲ. ಎರಡು ಮಿನಾರುಗಳಲ್ಲಿ ಒಂದೂ ಮುಂಭಾಗದ ಬಹಳ ಅಂಶವೂ ಉರುಳಿಹೋದುವು. ಉಳಿದ ಮಿನಾರು ಇಂದಿಗೂ ನಿಂತಿದೆ.

ಇನ್ನು ಗೃಹಸ್ಥರು ಲಕ್ಷ್ಯವಿಟ್ಟು ಓದಬೇಕಾದ ಭಾಗಕ್ಕೆ ಬರುವೆವು. ಮಿಕ್ಕ ಬಲವು ವೇಗವನ್ನು ಎಷ್ಟು ಬದಲಿಸುವುದೆಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಬಲ ಹೆಚ್ಚಿದಷ್ಟೂ ಬದಲಾವಣೆಯು ಶೀಘ್ರ. ವಸ್ತುವಿನ ದ್ರವ್ಯರಾಶಿ ಹೆಚ್ಚಿದಷ್ಟೂ ನಿಧಾನ. ಅದೇ ಜೋಡಿ ಎತ್ತುಗಳು ಬರಿಯ ಬಂಡಿಯನ್ನು ಥಟ್ಟನೆ ಓಡಿಸುವುವು, ತೊಗರಿಯ ಚೀಲಗಳನ್ನು ಹೇರಿದರೆ ಮೆಲ್ಲಗೆ. ಇದನ್ನೇ ತಿರುಗಿಸಿ ಹೇಳಿದರೆ, ವೇಗವನ್ನು ಬಹು ಸ್ವಲ್ಪ ಹೊತ್ತಿನಲ್ಲಿ ಕಳೆಯಬೇಕಾದರೆ ಬಹು ದೊಡ್ಡ ಬಲವೇ ಬೇಕು.

ಭಾಲ್ಕಿಯ ದಾರಿಯಲ್ಲಿ, ತಂದೆಯು ಮೋಟಾರು ಸೈಕಲ್ಲನ್ನು ನಡೆಸುತ್ತಿರುವಾಗ ತಾಯಿಯು ಹಿಂದೆ ಕುಳಿತು ಮಗುವನ್ನು ಒಂದು ಕೈಯಲ್ಲಿ ಅಪ್ಪಿಕೊಂಡಿರುವ ನೋಟವನ್ನು ಯಾರು ಕಂಡಿಲ್ಲ? ವೇಗವು ಗಂಟೆಗೆ 36 ಕಿಲೋಮೀಟರು, ಅಂದರೆ ಸೆಕೆಂಡಿಗೆ 10 ಮೀಟರು. ಮಗುವಿನ ತೂಕ 15 ಕಿಲೋ ಎಂದಿಟ್ಟುಕೊಳ್ಳಿರಿ. ಎರಡು ಸೆಕೆಂಡಿನಲ್ಲಿ ಸಾವಕಾಶವಾಗಿ ನಿಲ್ಲಿಸಿದರೆ ಮಗುವನ್ನು ತಡೆದು ಹಿಡಿಯಲು ಸುಮಾರು ಏಳೂವರೆ ಕಿಲೋ ತೂಕವನ್ನು ಎತ್ತುವಷ್ಟು ಬಲ ಸಾಕು. ತಾಯಿಯ ಕೈಗೆ ಅದು ಭಾರವಲ್ಲ. ಆದರೆ ಗಾಡಿಯು ಯಾವುದಕ್ಕಾದರೂ ತಾಗಿ ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತಿತೆಂದರೆ? ಆಗ ಬೇಕಾಗುವ ಬಲವು ಒಂದೂವರೆ ಕ್ವಿಂಟಲ್ ಎತ್ತುವಷ್ಟು. ಪೇಟೆಯ ಹಮಾಲನೂ ಒಂದು ಕೈಯಲ್ಲಿ ಒಂದೂವರೆ ಕ್ವಿಂಟಲಿನ ಚೀಲವನ್ನು ಹಿಡಿಯಲಾರನು. ಗಾಡಿಯು ನಿಲ್ಲುವುದು, ಮಗುವು ನಿಲ್ಲದು. ಅದು ಹಿಂದಿನ ವೇಗದಿಂದಲೇ ಮುಂದಕ್ಕೆ ಸಾಗುವುದು. ಯಾರೂ ಅದನ್ನು ಎಸೆಯಲಿಲ್ಲ. ಅದರ ಚಲನೆಯನ್ನು ಬದಲಿಸುವಷ್ಟು ಬಲವು ಅದಕ್ಕೆ ದೊರೆಯಲಿಲ್ಲ. ನಾಲ್ಕು ವರ್ಷದೊಳಗಿನ ಮಗುವನ್ನು ಚಾಲಕನ ಮೈಗೆ ಪಟ್ಟಿಯಿಂದ ಬಿಗಿಯಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಇರಬೇಕು, ವೇಗವು 40 ಕಿಲೋಮೀಟರನ್ನು ಮೀರಬಾರದು ಎಂದು ಕೇಂದ್ರ ಸರಕಾರವು 2022ರಲ್ಲಿ ಪ್ರಕಟಿಸಿದ ನಿಯಮವು 2023ರ ಫೆಬ್ರವರಿಯಿಂದ ಜಾರಿಗೆ ಬಂದಿದೆ. ಇದನ್ನು ದಂಡದ ಭಯದಿಂದ ಮಾತ್ರ ಪಾಲಿಸುವವರು ಮೇಲಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ.

ವೇಗ ಬದಲಾಗದೆ ದಿಕ್ಕು ಮಾತ್ರ ಬದಲಾದರೂ ಅದು ಚಲನೆಯ ಬದಲಾವಣೆಯೇ. ಬೀದರದ ವಾಯುಸೇನಾ ನೆಲೆಯಲ್ಲಿ 1996ರಲ್ಲಿ ಹುಟ್ಟಿದ ಸೂರ್ಯಕಿರಣ ವಿಮಾನದಳವು ಆಕಾಶದಲ್ಲಿ ಸುತ್ತು ಹಾಕುವಾಗ ವಿಮಾನಗಳು ಒಂದು ಪಕ್ಕಕ್ಕೆ ವಾಲುವುವು. ರೆಕ್ಕೆಗಳನ್ನು ಎತ್ತುವ ಬಲದ ಒಂದು ಅಂಶವು ಹೀಗೆ ಸುತ್ತಿನ ಒಳಗಡೆಗೆ ತಿರುಗಿ, ಮಿಕ್ಕ ಬಲವಾಗಿ, ವಿಮಾನದ ದಾರಿಯನ್ನು ಬಾಗಿಸುವುದು. ದಾರಕ್ಕೆ ಕಟ್ಟಿ ತಿರುಗಿಸಿದ ಕಲ್ಲಿಗೆ ದಾರವು ಮಾಡುವ ಉಪಕಾರವೂ ಇದೇ.

ಮನೆಯಲ್ಲಿ ಪರೀಕ್ಷಿಸುವವರಿಗೆ ಕೊಕ್ಕೆಯುಳ್ಳ ಸ್ಪ್ರಿಂಗ್ ತಕ್ಕಡಿಯೊಂದು ಸಾಕು. ಚಿಕ್ಕ ಕೊಡದಲ್ಲಿ ನೀರು ತುಂಬಿ ಒಟ್ಟು ಐದು ಕಿಲೋ ತೂಗುವಂತೆ ಮಾಡಿ ಕೊಕ್ಕೆಗೆ ತೂಗುಹಾಕಿರಿ. ಕೈ ಕದಲದಿರುವಾಗ ಮುಳ್ಳು ಐದರ ಮೇಲಿರುವುದು. ಥಟ್ಟನೆ ಮೇಲಕ್ಕೆ ಎತ್ತಲು ತೊಡಗಿದಾಗ ಅದು ಐದನ್ನು ದಾಟುವುದು. ಆಮೇಲೆ ಒಂದೇ ನಡಿಗೆಯಲ್ಲಿ ಎತ್ತುತ್ತಿರುವಾಗ ಎಷ್ಟಿರುವುದೆಂದು ಮಕ್ಕಳನ್ನು ಮೊದಲೇ ಕೇಳಿರಿ. ಹೆಚ್ಚಿನವರು ಐದಕ್ಕಿಂತ ಮೇಲೆಂದೇ ಹೇಳುವರು. ಕೈ ನಡುಗದಂತೆ ಎತ್ತಿ ತೋರಿಸಿರಿ: ಮುಳ್ಳು ತಿರುಗಿ ಐದಕ್ಕೇ ಬಂದಿರುವುದು. ಮೇಲೆ ಮುಟ್ಟಿ ಕೈಯು ನಿಧಾನವಾಗುವ ಕ್ಷಣದಲ್ಲಿ ಅದು ಐದಕ್ಕಿಂತ ಕೆಳಗಿಳಿದು, ಕೊಡವು ನಿಂತೊಡನೆ ಮತ್ತೆ ಐದಕ್ಕೆ ಏರುವುದು.